ಕೀಸುಳಿ ಕದ್ದ ಅಕ್ಕನಿಗೆ

ನಿನ್ನದೇ ಅಡುಗೆಮನೆಯ ಮೇಜು
ಭಾನುವಾರ, ಮಧ್ಯಾಹ್ನ ಎರಡೂಕಾಲು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೆಬ್ಬೆರಳಿನ ಗಾಯ ಮಾಗಿತಾ? ಗಾಯ ಆಗಿತ್ತು ಅಂತ ನನಗೆ ಗೊತ್ತಾದದ್ದೇ ಈಗ, ನಿನ್ನ ಪಕ್ಕದ ಮನೆಯ ಬಲೆ ಅಜ್ಜಿಯಿಂದ. ಎರಡು ವರ್ಷದಲ್ಲಿ ನೀನು ಬರೆದ ಒಂದು ಕಾಗದದಲ್ಲೂ ಅದರ ಸುದ್ದಿಯಿಲ್ಲ. ಕೆಮ್ಮಿನ ಔಷಧಿ ಕಿಟಕಿಯ ಮೇಲೆ ಅರ್ಧ ಬಾಟಲಿ ಹಾಗೇ ನಿಂತಿದೆ. ಕೆಮ್ಮು ಹೋಗಿ ನಿಂತಿದೆಯೋ, ಸೋಮಾರಿತನಕ್ಕೆ ನಿಂತಿದೆಯೋ ಬರಿ. ನಾವೆಲ್ಲ ಆರೋಗ್ಯ. ಮಂಗಳವಾರ ಕಾಲೇಜಿನಲ್ಲಿ ಲ್ಯಾಬ್ ಟೆಸ್ಟು, ಆ ಟೆನ್ಷನ್ನಿಗೆ ನನಗೆ ಮಾತ್ರ ಊಟ ಸೇರುತ್ತಿಲ್ಲ. ಅದು ನಿನಗೆ ಹೊಸ ಸುದ್ದಿಯೇನಲ್ಲ.

ಹೌದು, ನಿನ್ನ ಮನೆಯೊಳಗೇ ಕೂತು ಬರೆಯುತ್ತಿದ್ದೇನೆ. ಅಮ್ಮ ನಿನ್ನ ಪಾತ್ರೆಗಳನ್ನು ಎರಡನೇ ಸಲ ತೊಳೆಯುತ್ತಿದ್ದಾಳೆ. ಅಪ್ಪನೂ ಬಂದಿದ್ದಾರೆ ಅಕ್ಕಾ. ನೀನು ಈ ಹೊತ್ತಿಗೆ ಅಲ್ಲಿ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ಬೀಗ ನೋಡುತ್ತಾ, ನಮ್ಮೆಲ್ಲರನ್ನೂ ಬೈಯುತ್ತಿರುತ್ತೀಯ. ಬೈಗುಳವನ್ನೆಲ್ಲ ನನ್ನೊಬ್ಬಳಿಗೇ ಮೀಸಲಿಡು. ತಪ್ಪು ನನ್ನದು.

ನಿನಗೆ ನಾಲ್ಕು ಕಾಗದ ಹಾಕಿದೆನಲ್ಲ, 'ಈ ಭಾನುವಾರ ಅಪ್ಪ ಮನೆಯಲ್ಲಿರುತ್ತಾರೆ, ಬಂದುಬಿಡು' ಅಂತ. ಉತ್ತರ ಬರಲಿಲ್ಲ. ನೀನು ಬರುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಗುರುವಾರ ಹಾಸ್ಟೆಲ್ಲಿಂದ ಮನೆಗೆ ಬಂದವಳೇ ಅಪ್ಪನ ಮುಂದೆ ಒಂದು ಸುಳ್ಳು ಬಿಟ್ಟೆ: 'ಅಕ್ಕ ನಿಮ್ಮನ್ನ ಕರೆದಿದ್ದಾಳೆ.' ಅಪ್ಪ ಯಾವುದೋ ಬಾಗಿಲ ಚೌಕಟ್ಟಿಗೆ ಉಪ್ಪುಕಾಗದ ಉಜ್ಜುತ್ತಿದ್ದರು. ಕೈ ನಿಂತಿತು. ನೀನು ದೋಣಿ ಕಟ್ಟುವ ಕೆಲಸಕ್ಕೆ ಹೊರಟ ದಿನ 'ನೀರಲ್ಲಿ ಕೊಳೆಯೋ ಮರಕ್ಕೆ ಅಂತ ನನ್ನ ವಿದ್ಯೆ ಕಲಿಸಿಲ್ಲ, ಹೋದ್ರೆ ಹೋದ ಹಾಗೇ' ಅಂದವರು, ಆಮೇಲೆ ಎರಡು ವರ್ಷ ನಿನ್ನ ಹೆಸರೇ ಎತ್ತದವರು, 'ದೋಣಿ ಎಷ್ಟು ಗಂಟೆಗೆ?' ಅಂತ ಮಾತ್ರ ಕೇಳಿದರು. ಹೇಗೂ ನಿನ್ನ ಮುಖ ನೋಡಿದ ಮೇಲೆ ಸುಳ್ಳು ತಾನಾಗಿಯೇ ನಿಜ ಆಗುತ್ತದೆ ಅಂದುಕೊಂಡಿದ್ದೆ.

ಬೆಳಿಗ್ಗೆ ದೋಣಿ ಹತ್ತಿದ ಕೂಡಲೇ ಲೈಫ್ ಜಾಕೆಟ್ ಎಣಿಸಿದೆ. ಜನ ಮೂವತ್ತೊಂದು, ಜಾಕೆಟ್ ಇಪ್ಪತ್ತೆಂಟು. ಅಮ್ಮನಿಗೆ ಹೇಳಿದರೆ, 'ನೀನು ಎಣಿಸದೇ ಇದ್ದಿದ್ರೆ ಎಲ್ಲರಿಗೂ ಸಾಕಾಗ್ತಿತ್ತು' ಅಂದಳು. ಅಪ್ಪ ದಾರಿಯುದ್ದಕ್ಕೂ ನೀರನ್ನು ನೋಡಲೇ ಇಲ್ಲ. ಕೂತ ಬೆಂಚಿನ ಸಂದುಗಳ ಮೇಲೆ ಬೆರಳಾಡಿಸುತ್ತಾ, 'ಯಾವನೋ ಕಣ್ಣು ಮುಚ್ಕೊಂಡು ಮಾಡಿದ್ದಾನೆ' ಅಂತ ಗೊಣಗುತ್ತಿದ್ದರು. ನಡುನೀರಿನಲ್ಲಿ ನಿಮ್ಮ ಕಡೆಯ ದೋಣಿ ಎದುರಾಯಿತು. ಎರಡೂ ವೇಗ ತಗ್ಗಿಸಿ ಅಕ್ಕಪಕ್ಕ ಬಂದಾಗ ನಮ್ಮ ಟಿಕೆಟ್ಟಿನವನು ಉದ್ದ ಕೋಲಿನ ತುದಿಗೆ ಕಾಗದಗಳ ಚೀಲ ಸಿಕ್ಕಿಸಿ ಆ ಕಡೆ ದಾಟಿಸಿದ, ಅವರ ಚೀಲ ಅದೇ ಕೋಲಿನಲ್ಲಿ ಈ ಕಡೆ ಬಂತು. ಅಮ್ಮ ಗುರುತು ಪರಿಚಯ ಇಲ್ಲದ ಅಷ್ಟೂ ಜನಕ್ಕೆ ಕೈ ಬೀಸಿದಳು. ಒಳಗಿನ ಬೆಂಚಿನ ಮೇಲೆ ತಲೆಗೆ ಶಾಲು ಸುತ್ತಿಕೊಂಡು ಒಬ್ಬಳು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಳು. ಅದು ನೀನೇ ಅಂತ ಈಗ ಗೊತ್ತು. ಕೋಲಳತೆ ದೂರ ಅಕ್ಕಾ!

ಹಡಗುಕಟ್ಟೆಯಿಂದ ನಿನ್ನ ಮನೆಗೆ ಬರುವ ಮೆಟ್ಟಿಲು ಒದ್ದೆ ಇತ್ತು. ಅಪ್ಪ ಮದುವೆಮನೆಗೆಂದೇ ಎತ್ತಿಟ್ಟ ಶರ್ಟು ಹಾಕಿಕೊಂಡಿದ್ದರು. ನಿನ್ನ ಬಾಗಿಲ ಬೀಗವನ್ನು ಎರಡು ಸಲ ಎಳೆದು ನೋಡಿದರು. ಆಮೇಲೆ ಮೆಲ್ಲಗೆ, 'ಕರೆದು ಬೀಗ ಹಾಕ್ಕೊಂಡು ಹೋಗಿದ್ದಾಳೆ. ಇರಲಿ, ನಾನು ಆಡಿದ ಮಾತಿಗೆ ಸರಿಹೋಯ್ತು' ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲೇ ರಸ್ತೆಯಲ್ಲಿ ಅತ್ತುಕೊಂಡು ಎಲ್ಲ ಒಪ್ಪಿಕೊಂಡೆ, ನೀನು ಕರೆದೇ ಇರಲಿಲ್ಲ ಅಂತ. ಅದನ್ನು ಕೇಳಿ ಅವರ ಮುಖ ಇನ್ನೂ ಚಿಕ್ಕದಾಯಿತು. ಪಕ್ಕದ ಜಗಲಿಯ ಮೇಲೆ ಬಲೆ ಹೊಲಿಯುತ್ತಿದ್ದ ಅಜ್ಜಿ ಆಗ ಕೂಗಿದಳು: 'ಅಯ್ಯೋ, ನೀವು ಅವಳ ಮನೆಯೋರಾ? ಅವಳು ನಿಮ್ಮನೆಗೇ ಹೋದಳಲ್ಲ! ಅಪ್ಪ ಮುಖ ತಿರುಗಿಸಿದ್ರೂ ಪರವಾಗಿಲ್ಲ, ನೋಡ್ಕೊಂಡಾದ್ರೂ ಬರ್ತೀನಿ ಅಂದಳು. ಬರ್ತೀನಿ ಅಂತ ತಂಗಿ ಹಾಸ್ಟೆಲ್ಲಿಗೆ ಕಾಗದಾನೂ ಹಾಕಿದ್ದಾಳೆ.' ನಿನ್ನ ಉತ್ತರ ವಾರ್ಡನ್ ಮೇಜಿನ ಮೇಲೆ ಕೂತಿದೆ, ನಾನು ಇಲ್ಲಿ ನಿಂತಿದ್ದೇನೆ! ಅಜ್ಜಿಗಿರುವುದು ಮೂರು ಹಲ್ಲು, ಮೂರೂ ನಕ್ಕವು. ಸಾಯಂಕಾಲದ ದೋಣಿಗೆ ನೀನು ವಾಪಸ್ ಬರುತ್ತೀಯ ಅಂತ ಹೇಳಿ ಬೀಗದ ಕೈ ಕೊಟ್ಟಳು. ಫೋನ್ ಮಾಡೋಣವೆಂದರೆ ಊರಿಗೊಂದೇ ಫೋನು, ಬಂದರು ಕಚೇರಿಯೊಳಗೆ, ಭಾನುವಾರ ಬಾಗಿಲು ಹಾಕಿದೆ. ತೆರೆದಿದ್ದರೂ ನಮ್ಮ ಮನೆಯಲ್ಲಿ ಎತ್ತುವವರು ಯಾರು, ಎಲ್ಲರೂ ಇಲ್ಲೇ ಇದ್ದೇವಲ್ಲ.

ನಿನ್ನ ಬಾಗಿಲು, ಅಕ್ಕಾ! ಬೀಗ ತೆಗೆದರೂ ಅಪ್ಪ ಹೆಗಲು ಕೊಟ್ಟು ತಳ್ಳಬೇಕಾಯಿತು. 'ಬಾಗಿಲು ಮಾಡೋನ ಮಗಳ ಮನೆ ಬಾಗಿಲು ನೋಡು' ಅಂದರು. ಅಷ್ಟೇ, ಇನ್ನು ಕೂರಲಿಲ್ಲ. ಸಾಮಾನು ಹುಡುಕುತ್ತಾ ಮಂಚದ ಕೆಳಗಿನ ಟ್ರಂಕು ಎಳೆದರು. ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಕೀಸುಳಿ ಸಿಕ್ಕಿತು. ಅವರ ಕೀಸುಳಿ, ಹಿಡಿಯ ಮೇಲೆ ಹೆಬ್ಬೆರಳು ಕೂತು ಸವೆದ ಗುಳಿ ಇರುವುದು. ಎರಡು ವರ್ಷದಿಂದ ಅದನ್ನು ಸುಣ್ಣ ಬಳಿಯೋನೇ ಎಗರಿಸಿದ ಅಂತ ಅವನ ಹತ್ತಿರ ಮಾತು ಬಿಟ್ಟಿದ್ದಾರೆ, ಪಾಪ ಅವನು! 'ಕಳ್ಳಿ' ಅಂದರು. ಅಲಗನ್ನು ಉಗುರಿನ ಮೇಲೆ ಇಟ್ಟು ನೋಡಿದರು. ಇನ್ನೊಮ್ಮೆ ನೋಡಿದರು. 'ನಾನು ಸಾಣೆ ಹಿಡಿಯೋ ಹಾಗೇ ಹಿಡಿದಿದ್ದಾಳೆ' ಅಂದವರು ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಮೂಗು ಒರೆಸಿಕೊಂಡರು. ಆಮೇಲೆ ಕೀಲು ಕಳಚಿ, ಬಾಗಿಲನ್ನು ಅಂಗಳದಲ್ಲಿ ಮಲಗಿಸಿ ಕೆಳಗಿನ ಅಂಚು ಕೀಸಿದರು. ಈಗ ಒಂದು ಬೆರಳಲ್ಲಿ ಮುಚ್ಚುತ್ತದೆ. ಸುರುಳಿ ಸುರುಳಿ ಹೆರೆಯೆಲ್ಲ ಬಲೆ ಅಜ್ಜಿ ಒಲೆಗೆ ಬಾಚಿಕೊಂಡು ಹೋದಳು.

ಊಟವಾದ ಮೇಲೆ ತಾವೇ ಎದ್ದು, 'ಆ ದೋಣಿ ಎಲ್ಲಿ ಕಟ್ತಾರಂತೆ?' ಅಂದರು. ನಿಮ್ಮ ಮೇಸ್ತ್ರಿ ಅರ್ಧ ಕಟ್ಟಿದ ದೋಣಿ ತೋರಿಸಿ, 'ಈ ಪಕ್ಕದ ಹಲಗೆಯೆಲ್ಲ ನಿಮ್ಮ ಹುಡುಗಿ ಕೂರಿಸಿದ್ದು' ಅಂದ. ಅಪ್ಪ ಜೇಬಿನಿಂದ ವಾಪಸ್ ಟಿಕೆಟ್ ತೆಗೆದು ಎರಡು ಹಲಗೆಯ ಸಂದಿಗೆ ತೂರಿಸಲು ನೋಡಿದರು. ಹೋಗಲಿಲ್ಲ. ಇನ್ನೊಂದು ಸಂದು, ಮತ್ತೊಂದು ಸಂದು. ಟಿಕೆಟ್ ಮುದುಡಿ ಮುದ್ದೆಯಾಯಿತು, ಎಲ್ಲೂ ಹೋಗಲಿಲ್ಲ. ಮೇಸ್ತ್ರಿ ಟೀ ತರಿಸಿದ.

ನಾಲ್ಕು ಗಂಟೆಯ ದೋಣಿಗೆ ಹೊರಡುತ್ತೇವೆ. ನಾಳೆ ಬೆಳಿಗ್ಗೆ ನಾನು ಹಾಸ್ಟೆಲ್ಲಿಗೆ ಹೋಗಬೇಕು. ನಾವು ಹೋದಮೇಲೂ ನೀವಿರಿ ಅಂದರೆ ಅಪ್ಪ, 'ಮನೆಯೋಳು ಇಲ್ಲದ ಮನೇಲಿ ಎಷ್ಟೂಂತ ಕೂರೋದು' ಅನ್ನುತ್ತಾರೆ. ಅಸಲಿಗೆ ಅವರಿಗೆ ಭಯ, ನಿನ್ನ ಮುಂದೆ ಮಾತು ಹೊರಡದಿದ್ದರೆ ಅಂತ. ನಾಲ್ಕಕ್ಕೇ ನೀನೂ ಆ ಕಡೆಯಿಂದ ಹೊರಡುತ್ತೀಯ. ಮತ್ತೆ ನಡುನೀರಿನಲ್ಲಿ ದಾಟಿಹೋಗುತ್ತೇವೆ, ಅಮ್ಮ ಮತ್ತೆ ಕೈ ಬೀಸುತ್ತಾಳೆ. ಇಷ್ಟು ದೂರ ಬಂದದ್ದು ಇಷ್ಟಕ್ಕೇನಾ ಅನ್ನಿಸಿ ಸಂಕಟವಾಗುತ್ತಿದೆ. ಈ ಕಾಗದ ಸಕ್ಕರೆ ಡಬ್ಬಿಯ ಕೆಳಗಿಡುತ್ತೇನೆ. ಬಲೆ ಅಜ್ಜಿಗೆ ನನ್ನ ನಮಸ್ಕಾರ. ಅಮ್ಮ ನಿನ್ನ ತಲೆ ಸವರಿದಳು ಅಂತ ಬರೆಯಲು ಹೇಳಿದಳು, ಬರೆದಿದ್ದೇನೆ.

ನಿನ್ನ
ಗಾಬರಿ ಗುಬ್ಬಿ

ತಾ.ಕ.: ದೋಣಿ ಕುಲುಕುತ್ತಿದೆ, ಅಕ್ಷರಕ್ಕೆ ಸಾರಿ. ಕಾಗದವನ್ನು ಡಬ್ಬಿಯ ಕೆಳಗಿಡಲಿಲ್ಲ, ಕೋಲಿನ ಚೀಲಕ್ಕೆ ಹಾಕುತ್ತಿದ್ದೇನೆ. ನಿನ್ನನ್ನು ಎಬ್ಬಿಸಿಯಾದರೂ ಕೈಗೆ ಕೊಡಲು ಟಿಕೆಟ್ಟಿನವನು ಆ ಕಡೆಗೆ ಕೂಗಿ ಹೇಳುತ್ತಾನಂತೆ. ದೋಣಿಯಲ್ಲಿ ನಾನು, ಅಮ್ಮ ಇಬ್ಬರೇ. ಅಪ್ಪ ಹತ್ತಲಿಲ್ಲ! 'ಟಿಕೆಟ್ ಹಾಳಾಗಿದೆ, ನನ್ನ ಹತ್ತಿಸಲ್ಲ' ಅಂದರು. ಟಿಕೆಟ್ಟಿನವನು 'ಪರವಾಗಿಲ್ಲ ಬನ್ನಿ ಯಜಮಾನ್ರೇ' ಅಂತ ಮೂರು ಸಲ ಕರೆದ. 'ನಿಯಮ ಅಂದ್ರೆ ನಿಯಮ' ಅಂತ ಕಟ್ಟೆಯ ಮೇಲಿನ ಬೆಂಚಿನಲ್ಲಿ ಕೂತುಬಿಟ್ಟರು. ನಾನೂ ಇಳಿಯಲು ಹೋದರೆ ಅಮ್ಮ ಕೈ ಹಿಡಿದು ಕೂರಿಸಿದಳು, 'ನಾವಿದ್ರೆ ಅಪ್ಪ, ಮಗಳು ಒಬ್ಬರಿಗೊಬ್ಬರು ಹೇಳೋದು ಬಿಟ್ಟು ನಮಗೇ ಹೇಳ್ತಾ ಕೂರ್ತಾರೆ' ಅಂತ. ಅಕ್ಕಾ, ಅವರಿಗೆ ಸಾರಿ ಅನ್ನಲು ಬರುವುದಿಲ್ಲ. 'ಬಾಗಿಲು ನೆಲಕ್ಕೆ ಉಜ್ತಿತ್ತು, ಸರಿ ಮಾಡಿದೀನಿ' ಅನ್ನುತ್ತಾರೆ. ಅದೇ ಅದು, ಪ್ಲೀಸ್, ಇನ್ನೊಂದಕ್ಕೆ ಕಾಯಬೇಡ. ಕೀಸುಳಿಯನ್ನು ಮತ್ತೆ ಎಣ್ಣೆಬಟ್ಟೆಯಲ್ಲಿ ಸುತ್ತಿ ನಿನ್ನ ಟ್ರಂಕಿನಲ್ಲೇ ಇಟ್ಟಿದ್ದಾರೆ, ನಾನು ನೋಡಿದೆ. ನಿಮ್ಮ ದೋಣಿ ಕಾಣಿಸಿತು, ಕೋಲು ಎತ್ತುತ್ತಿದ್ದಾರೆ