ಸೂಜಿಕಲ್ಲು ಊರು ಒಕ್ಕೂಟ ಬಿಟ್ಟ ಲೆಕ್ಕ

ಸೂಜಿಕಲ್ಲು,
ಎರಡು ಸಾವಿರದ ಮುನ್ನೂರ ಹನ್ನೊಂದನೇ ಇಸವಿ, ಫೆಬ್ರವರಿ ಮೂವತ್ತು.

ನಮಗಿಂತ ಮುಂಚೆ ಹುಟ್ಟಿ, ಇನ್ನೂ ನೆತ್ತಿಯ ಮೇಲೆ ಬಿಸಿಲು ಬಿದ್ದರೂ ನಡೆದಾಡಬಲ್ಲವರಾದ ನಿಮಗೆ ನೆರಳು ದ್ಯಾಮಕ್ಕ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಫೆಬ್ರವರಿಯಲ್ಲಿ ದಿನ ಕಡಿಮೆ, ಬಾಡಿಗೆ ಮಾತ್ರ ಪೂರ್ತಿ ಎಂದು ಬಾಡಿಗೆದಾರರು ಗಲಾಟೆ ಮಾಡಿದ್ದಕ್ಕೆ ನಮ್ಮ ವೇದಾವತಿ ಒಕ್ಕೂಟದವರು ಬೇರೆ ತಿಂಗಳುಗಳಿಂದ ಎರಡು ದಿನ ಕಿತ್ತು ಇದಕ್ಕೆ ಹೊಲಿದರು. ಒಕ್ಕೂಟ ಎಲ್ಲರಿಗೂ ಒಪ್ಪಿಗೆಯಾಗುವಂತೆ ಮಾಡಿದ ಕೆಲಸ ಅದೊಂದೇ. ಈ ಕಾಗದದಲ್ಲಿ ಬರುವ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮೆಯಿರಲಿ. ಅವನ್ನು ಕಟ್ಟಿದ್ದು ಒಕ್ಕೂಟದ ಒಂದು ಸಮಿತಿ. ಅವರಿಗೂ ಪೂರ್ತಿ ಅರ್ಥವಾಗಿಲ್ಲ.

ನನ್ನ ಕಸುಬು ನೆರಳು ಬಾಡಿಗೆಗೆ ಕೊಡುವುದು. ನಿಮ್ಮಲ್ಲಿ ಶಾಮಿಯಾನ ಕಟ್ಟುವವರು ಇದ್ದರಂತೆ, ಅದೇ ವಂಶ ಅಂದುಕೊಳ್ಳಿ. ಹರಿದ ಒಂದು ಹಾಳೆಯಿಂದ ಶುರು ಮಾಡಿದವಳು ನಾನು, ಅದೂ ಸೋದರಮಾವ ಬಿಸಾಕಿದ್ದು. ಇವತ್ತು ನನ್ನ ಹತ್ತಿರ ಇನ್ನೂರು ನೆರಳು ಹಾಳೆಗಳಿವೆ. ಸಂತೆಗೆ, ನಾಮಕರಣಕ್ಕೆ, ಎಮ್ಮೆ ಮೇಯಿಸುವುದಕ್ಕೆ, ಗಂಡ ಹೆಂಡತಿ ಮನೆಯ ಹೊರಗೆ ನಿಂತು ಜಗಳವಾಡುವುದಕ್ಕೆ, ಎಲ್ಲಕ್ಕೂ ಗಂಟೆ ಲೆಕ್ಕದಲ್ಲಿ ಕೊಡುತ್ತೇನೆ. ನಮ್ಮ ದುಡ್ಡಿನ ಹೆಸರು ತಂಪು. ಒಂದು ತಂಪಿನ ಬಿಲ್ಲೆ ಕೊಟ್ಟರೆ ತಂಪುಮನೆಯಲ್ಲಿ ಒಬ್ಬರು ಒಂದು ಗಂಟೆ ಕೂರಬಹುದು. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮುಚ್ಚುಹೊತ್ತು, ಯಾರೂ ಬಾಗಿಲು ತೆಗೆಯುವುದಿಲ್ಲ. ಒಕ್ಕೂಟದ ಸಭೆಗಳೆಲ್ಲ ನಡೆಯುವುದು ಆ ಹೊತ್ತಿನಲ್ಲೇ. ಸಿಟ್ಟು ಬಂದರೂ ಎದ್ದು ಹೋಗುವಂತಿಲ್ಲವಾದ್ದರಿಂದ ನಮ್ಮಲ್ಲಿ ಜಗಳಗಳು ಬಹಳ ಕೂಲಂಕಷವಾಗಿರುತ್ತವೆ.

ಈ ಒಕ್ಕೂಟದಲ್ಲಿ ಒಂಬತ್ತು ಊರು. ನಮ್ಮದು ಒಂಬತ್ತನೆಯದು. ನಮ್ಮಜ್ಜಿಯ ಕಾಲದಲ್ಲಿ ನಾವು ಸೇರಿದಾಗ ಮದುವೆಯ ಹಾಗೆ ಚಪ್ಪರ ಹಾಕಿ, ಉಳಿದ ಎಂಟು ಊರಿನವರು ಮುಯ್ಯಿ ಓದಿಸಿದರಂತೆ. ಮುಯ್ಯಿಯ ವಿಷಯ ನಿಮಗೆ ಹೇಳಿಕೊಡಬೇಕಾಗಿಲ್ಲ, ಅದು ನಿಮ್ಮಿಂದಲೇ ಬಂದದ್ದು. ನಮ್ಮ ಮನೆ ಕಾರ್ಯಕ್ಕೆ ನೀವು ಹಾಕಿದ್ದನ್ನು ನಿಮ್ಮ ಮನೆ ಕಾರ್ಯಕ್ಕೆ ನಾವು ಒಂದು ಕೈ ಹೆಚ್ಚಾಗಿ ಹಾಕಬೇಕು. ಸೊನ್ನೆಯಲ್ಲಿ ನಿಲ್ಲಿಸಬಾರದು, ಮೇಲೊಂದು ಇಡಬೇಕು. ಇದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಕೈಗೇ ಗೊತ್ತಿರುತ್ತದೆ.

ಹೊರಗೆ ಬರಬೇಕೆಂದು ನಾವು ತೀರ್ಮಾನಿಸಿದ್ದು ಬಿಸಿಲು ಕಂದಾಯದಿಂದ. ಯಾವ ಊರಿನ ಮೇಲೆ ಎಷ್ಟು ಬಿಸಿಲು ಬೀಳುತ್ತದೋ ಅಷ್ಟು ಕಂದಾಯ. ಉಳಿದ ಊರುಗಳಿಗೆ ಗುಡ್ಡಗಳಿವೆ. ನಮಗಿರುವುದು ಸೂಜಿಯಂಥ ಒಂದು ಕಲ್ಲು, ಅದರ ನೆರಳಲ್ಲಿ ಓತಿಕ್ಯಾತ ನಿಂತರೂ ಬಾಲ ಹೊರಗಿರುತ್ತದೆ. ಊರಲ್ಲೆಲ್ಲ ಹೆಚ್ಚು ಕಂದಾಯ ಕಟ್ಟುವವಳು ನಾನು, ಯಾಕೆಂದರೆ ನನ್ನ ಸರಕೆಲ್ಲ ಬಿಸಿಲಲ್ಲೇ ಹರಡಿರುತ್ತದೆ.

ಒಕ್ಕೂಟದವರು "ಹೋಗಿ, ಯಾರು ಬೇಡ ಅಂದ್ರು? ಬಾಕಿ ಕೊಟ್ಟು ಹೋಗಿ" ಎಂದರು. ಖಜಾಂಚಿ ಪಾಂಡುರಂಗಯ್ಯ ಮೂರು ಲಕ್ಷ ತಂಪಿನ ಪಟ್ಟಿ ತಂದ. ಅದರಲ್ಲಿ ನಮ್ಮೂರಿಗೆ ಬರದೇ ಇರುವ ನೆರಳು ರಸ್ತೆಯ ಪಾಲಿತ್ತು, ಇನ್ನೂ ನಿವೃತ್ತಿಯಾಗದ ನೌಕರರ ಪಿಂಚಣಿಯಿತ್ತು, ಕೊನೆಯಲ್ಲಿ "ಮಮತೆ ಮುರಿದ ನಷ್ಟ, ಹನ್ನೆರಡು ಸಾವಿರ" ಎಂದಿತ್ತು.

"ಮಮತೆ ಯಾವಾಗ ಇತ್ತಯ್ಯ?" ಎಂದು ಕೇಳಿದರು ನಮ್ಮ ಯಜಮಾನ ಬೋರಜ್ಜ.

"ಇತ್ತು ಅಂತ ಇಟ್ಕೊಂಡೇ ಬಜೆಟ್ ಮಾಡಿದ್ವಿ" ಎಂದ ಪಾಂಡುರಂಗಯ್ಯ.

ನಾನೂ ಒಂದು ಪಟ್ಟಿ ಬರೆದೆ. ಸಭೆಗೆ ಬಂದವರು ನಮ್ಮೂರಿನಿಂದ ಒಯ್ದು ವಾಪಸ್ ತರದೇ ಇದ್ದ ಕುರ್ಚಿಗಳು. ನಮ್ಮ ಕಲ್ಲಿನ ಚಿತ್ರವನ್ನು ಒಕ್ಕೂಟದ ಮುದ್ರೆಗೆ ಬಳಸಿಕೊಂಡ ಬಾಡಿಗೆ, ಬಡ್ಡಿ ಸೇರಿಸಿ. "ಕಲ್ಲಿಗೂ ಬಾಡಿಗೆನಾ ದ್ಯಾಮಕ್ಕ?" ಎಂದು ಆತ ಬೆವರು ಒರೆಸಿಕೊಂಡ. "ಬಿಸಿಲಿಗೆ ಕಂದಾಯ ಹಾಕೋನು ಕೇಳೋ ಮಾತಾ ಇದು?" ಎಂದೆ. ಹೀಗೆ ಮುಚ್ಚುಹೊತ್ತಿನ ಮೇಲೆ ಮುಚ್ಚುಹೊತ್ತು ಕೂತು, ಕೊನೆಗೆ ತೊಂಬತ್ತು ಸಾವಿರಕ್ಕೆ ಇಳಿಸಿದೆವು.

ಷರತ್ತು ಇಷ್ಟು. ಫೆಬ್ರವರಿ ಮೂವತ್ತರಂದು, ಎಲ್ಲರೆದುರಿಗೆ, ಒಂದೇ ಸಲಕ್ಕೆ ಹಣ ಸಲ್ಲಬೇಕು. ಒಂದು ತಂಪು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಬಾಕಿ ಯಾವ ಕಡೆಗೂ ಉಳಿಯದಿದ್ದರೆ ನಾವು ಹೊರಗೆ. ಉಳಿದರೆ ನಾವು ಒಳಗೇ, ಕಂದಾಯವೂ ಹಾಗೇ. ಅಲ್ಲಿಯವರೆಗೆ ಒತ್ತೆಯಾಗಿ ಏನಾದರೂ ಇಡಿ ಎಂದರು. ಊರಿನಲ್ಲಿ ಒತ್ತೆ ಇಡುವಂಥದ್ದು ಇದ್ದದ್ದು ನನ್ನ ಇನ್ನೂರು ಹಾಳೆ ಮಾತ್ರ. ಹೊತ್ತು ಮುಳುಗುವುದರೊಳಗೆ ಲೆಕ್ಕ ಮುಗಿಯದಿದ್ದರೆ ಅವು ಒಕ್ಕೂಟದ ಪಾಲು. ನಾನು ಇಟ್ಟೆ. ಊರಿನ ಅಭಿಮಾನಕ್ಕೆ ಎಂದು ಬರೆದರೆ ನೀವು ನಂಬಬಹುದು, ಆದರೆ ನಿಜ ಹೇಳುತ್ತೇನೆ: ಎರಡು ವರ್ಷದ ಕಂದಾಯ ಉಳಿದರೆ ಇನ್ನೊಂದು ನೂರು ಹಾಳೆ ಬರುತ್ತಿತ್ತು.

ಅದೆಲ್ಲ ನಡೆದದ್ದು ಇವತ್ತೇ. ಸಂಜೆ ನಾಲ್ಕು ದಾಟಿದ ಮೇಲೆ ಎಂಟು ಊರಿನ ಯಜಮಾನರೂ ಬಂದರು. ಬಂದವರನ್ನು ಬಿಸಿಲಲ್ಲಿ ನಿಲ್ಲಿಸಲಾಗುತ್ತದೆಯೇ? ಒತ್ತೆಗೆಂದು ಅಲ್ಲೇ ರಾಶಿ ಹಾಕಿದ್ದ ನನ್ನ ಹಾಳೆಗಳಲ್ಲೇ ಎಂಟನ್ನು ಬಿಚ್ಚಿ ಕಟ್ಟಿದೆವು. ನೆರಳಾದ ಮೇಲೆ ಸಾಲಾಗಿ ಕೂರಿಸಿದೆವು. ಕೂತವರಿಗೆ ಊಟ ಹಾಕದೆ ಹೇಗೆ? ಹೋಳಿಗೆ ಬಡಿಸಿದೆವು. ಎಲೆ ಅಡಿಕೆ ಬಂತು, ಧ್ವನಿವರ್ಧಕ ಬಂತು. ಊರೆಲ್ಲ ಕೂಡಿಸಿದ ಸಾವಿರ ತಂಪಿನ ತೊಂಬತ್ತು ಬಿಲ್ಲೆಗಳನ್ನು ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿಕೊಂಡು ಬೋರಜ್ಜ ಎದ್ದು ನಿಂತರು. ಅವರು ಒಂದು ಸಲ ಚಪ್ಪರ ನೋಡಿದರು, ಒಂದು ಸಲ ಉಂಡು ಕೂತ ಜನರನ್ನು ನೋಡಿದರು. ಆಮೇಲೆ ಅವರ ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಗಿ, ಒಂದು ತಂಪಿನ ಒಂಟಿ ಬಿಲ್ಲೆ ತೆಗೆದು ಮೇಲಿಟ್ಟಿತು.

ಪಾಂಡುರಂಗಯ್ಯನೂ ನಮ್ಮ ಸೀಮೆಯವನೇ ತಾನೇ. ಅಭ್ಯಾಸಬಲದಿಂದ ಧ್ವನಿವರ್ಧಕದಲ್ಲಿ ಓದಿಯೇಬಿಟ್ಟ: "ಸೂಜಿಕಲ್ಲಿನವರ ಮುಯ್ಯಿ, ತೊಂಬತ್ತು ಸಾವಿರದಾ ಒಂದೂ!"

ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟುತ್ತಿದ್ದೆ, ನಡುವೆ ಕೈ ನಿಂತಿತು.

"ಅಜ್ಜಾ, ಆ ಒಂದನ್ನ ತಗೀರಿ!"

"ಕೊಟ್ಟ ಮುಯ್ಯಿ ವಾಪಸ್ ತಗಳೋಕೆ ನಾನೇನು ಗತಿಗೆಟ್ಟೋನೇನೇ?"

"ಅದು ಮುಯ್ಯಿ ಅಲ್ಲ ಅಜ್ಜಾ, ಬಾಕಿ!"

"ಬಾಕಿ ಆದ್ರೇನು, ಉಂಡು ಕೂತಿರೋ ಜನದ ಮುಂದೆ ಸೊನ್ನೆ ಇಡ್ಲಾ? ನಮ್ಮಪ್ಪ ಇಟ್ಟಿದ್ನಾ?"

ಪಾಂಡುರಂಗಯ್ಯ ಷರತ್ತಿನ ಕಾಗದ ತಿರುವಿ ನೋಡಿದ. "ಹೆಚ್ಚಾಗಿದೆ. ಲೆಕ್ಕ ಮುಗಿಲಿಲ್ಲ. ನೀವು ಒಳಗೇ" ಎಂದು ಹೇಳಿ ಆಕಾಶದ ಕಡೆ ನೋಡಿದ. ಹೊತ್ತು ಮುಳುಗಲು ಒಂದು ಮಾರು ಇತ್ತು. ನನ್ನ ಹಾಳೆಗಳ ಕಡೆಗೂ ನೋಡಿದ.

ಇನ್ನೇನು ಹಾಳೆ ಹೋದವು ಅಂದುಕೊಂಡೆ. ಆದರೂ ಲೆಕ್ಕದವಳ ತಲೆ, ಸುಮ್ಮನಿರುವುದಿಲ್ಲ. "ಪಾಂಡುರಂಗಯ್ಯ, ಈಗ ಬಾಕಿ ಯಾರಿಂದ ಯಾರಿಗೆ?" ಎಂದು ಕೇಳಿದೆ.

"ನಮ್ಮಿಂದ ನಿಮಗೆ. ಒಂದು ತಂಪು."

"ಸಾಲ ನಿಮ್ಮದು, ಒತ್ತೆ ನಂದಾ?"

ಆತ ಕಾಗದವನ್ನು ಇನ್ನೊಂದು ಸಲ ಓದಿದ. "ಸರಿ, ಒಯ್ಕೋ" ಎಂದ.

ಅಷ್ಟಕ್ಕೇ ಸುಮ್ಮನೆ ಕೂತಿದ್ದರೆ ನಾನು ಕೆಡುತ್ತಿದ್ದೆ. ಯಾಕೆಂದರೆ ನಾನು ಎಂಟು ಯಜಮಾನರ ಮುಖ ನೋಡುತ್ತಿದ್ದೆ. ಉಂಡ ಮನೆಯಲ್ಲಿ ಒಂದು ತಂಪು ಬಾಕಿ ಉಳಿಸಿಕೊಂಡು ಹೋಗುವುದೇ ಎಂಬ ಸಂಕಟ ಅವರ ಮುಖದಲ್ಲಿತ್ತು. ಒಬ್ಬ ಆಗಲೇ ಜೇಬು ತಡವುತ್ತಿದ್ದ. ಅವರು ಕೊಟ್ಟರೆ ಬರಿಯ ಒಂದು ಕೊಡುವವರಲ್ಲ. ಮೇಲೊಂದು ಬಿದ್ದರೆ ಸಾಲ ಮತ್ತೆ ನಮ್ಮದು, ಒತ್ತೆ ಅವರದು. "ಏಳ್ರೋ, ಹಾಳೆ ಬಿಚ್ಚಿ, ಬಂಡಿಗೆ ಹಾಕಿ!" ಎಂದು ಕೂಗಿದೆ. ಉಂಡು ಕೂತವರ ತಲೆಯ ಮೇಲಿನದನ್ನೂ ಬಿಚ್ಚಿಸಿದೆ. ಬಂಡಿ ನಮ್ಮ ಕೇರಿಯ ತಿರುವು ದಾಟುವ ಹೊತ್ತಿಗೆ ಹಿಂದಿನಿಂದ ಧ್ವನಿವರ್ಧಕ ಕೇಳಿಸಿತು. ಎಂಟು ಊರಿನವರೂ ಪೈಪೋಟಿಯ ಮೇಲೆ ತಲಾ ಒಂದೊಂದು ತಂಪು ಇಟ್ಟಿದ್ದರು. ಒಂದರ ಬಾಕಿಗೆ ಎಂಟು ಬಂದಿತ್ತು. ಈಗ ನಾವು ಒಕ್ಕೂಟಕ್ಕೆ ಏಳು ತಂಪು ಸಾಲಗಾರರು. ಪಾಂಡುರಂಗಯ್ಯ ಒತ್ತೆಗಾಗಿ ತಿರುಗಿ ನೋಡಿದನಂತೆ. ಕಂಬಗಳು ಮಾತ್ರ ನಿಂತಿದ್ದವಂತೆ.

ಹಾಗಾಗಿ ಇವತ್ತಿನ ಲೆಕ್ಕ ಇದು: ಹೊರಗೆ ಹೋಗುವುದಕ್ಕೆ ಪೂರ್ತಿ ದುಡ್ಡು ಕೊಟ್ಟಿದ್ದೇವೆ, ಒಳಗೇ ಇದ್ದೇವೆ. ಕಂದಾಯ ತಪ್ಪಲಿಲ್ಲ. ಹಾಳೆ ಉಳಿದವು, ಎರಡಕ್ಕೆ ಹೋಳಿಗೆಯ ಎಣ್ಣೆ ಬಿದ್ದಿದೆ. ಮುಂದಿನ ವರ್ಷ ಇದೇ ದಿನ ಏಳು ತಂಪು ತೀರಿಸುವ ಕಾರ್ಯ ಎಂದು ಬೋರಜ್ಜ ಈಗಲೇ ಎಲ್ಲರನ್ನೂ ಕರೆದಿದ್ದಾರೆ. ಹೋಗುವಾಗ ಎಂಟು ಊರಿನವರೂ ಖುಷಿಯಾಗಿಯೇ ಹೋದರು.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಸೇರುವುದು, ಬಿಡುವುದು ನಿಮ್ಮ ಕಾಲದಲ್ಲೂ ನಡೆಯುತ್ತಿರುತ್ತದೆ. ಬಿಡುವ ದಿನ ಬಂದರೆ ದುಡ್ಡನ್ನು ಯಾವುದಾದರೂ ಕಚೇರಿಯ ಕಿಟಕಿಯಲ್ಲಿ, ನಿಂತುಕೊಂಡೇ, ಖಾಲಿ ಹೊಟ್ಟೆಯಲ್ಲಿ ಕಟ್ಟಿ ರಸೀದಿ ತೆಗೆದುಕೊಳ್ಳಿ. ಚಪ್ಪರ ಹಾಕಬೇಡಿ. ಎಲೆ ಹಾಸಬೇಡಿ. ನಮ್ಮ ಜನಕ್ಕೆ ಊಟ ಹಾಕಿದವರನ್ನು ಬಿಟ್ಟು ಹೋಗಲು ಬರುವುದಿಲ್ಲ. ಚಪ್ಪರ ಬೇಡ ಎನ್ನುವುದು ನನ್ನ ವ್ಯಾಪಾರಕ್ಕೆ ನಷ್ಟದ ಮಾತು. ನೀವು ನನ್ನ ಗಿರಾಕಿಗಳಲ್ಲವಾದ್ದರಿಂದ ಹೇಳಿದ್ದೇನೆ.

ಇಂತಿ,
ದ್ಯಾಮಕ್ಕ, ನೆರಳು ಬಾಡಿಗೆಗೆ