ನಾವು ಹಚ್ಚಿದ ಕೆಂಪು ಚುಕ್ಕಿ, ನೀವು ಒಡೆಯಲಿರುವ ಕಟ್ಟೆ

ನಮ್ಮೂರಿನ ಡೌನ್‌ಟೌನ್ ಅಭಿವೃದ್ಧಿ ನಿರ್ದೇಶಕರಾದ ಮಾನ್ಯರೇ,

ಜನ ಬಂದು ಕೂರುವಂಥ ಜಾಗ ಮಾಡಬೇಕೆಂದು, ಜನ ಬಂದು ಕೂರುತ್ತಿದ್ದ ಜಾಗವನ್ನೇ ಒಡೆಯಲು ಹೊರಟಿದ್ದೀರಿ. ಇದು ನನ್ನ ದೂರು. ಮುಚ್ಚಿಹೋದ ಹಳೆಯ ಬ್ಯಾಂಕಿನ ಮುಂದಿರುವ ಮೊಣಕಾಲೆತ್ತರದ ಕಲ್ಲಿನ ಗೋಡೆಯ ಸುತ್ತ ಹೋದ ವಾರ ನಿಮ್ಮವರು ಕಿತ್ತಳೆ ಬಣ್ಣದ ಬಲೆ ಕಟ್ಟಿದ್ದಾರೆ. ಯಾಕೆಂದು ಕೇಳಿದರೆ, ಊರಿನ ಹಿರಿಯರೇ ಇದನ್ನು ತೆಗೆಯಿರಿ ಎಂದು ಅಭಿಪ್ರಾಯ ಕೊಟ್ಟಿದ್ದಾರೆ ಎನ್ನುತ್ತೀರಿ. ಆ ಹಿರಿಯರಲ್ಲಿ ನಾನೂ ಒಬ್ಬ. ನಾವು ಕೊಟ್ಟದ್ದು ಅದರ ಉಲ್ಟಾ ಅಭಿಪ್ರಾಯ. ಅದು ಹೇಗೆ ಎಂದು ವಿವರಿಸಲು ನಿಮ್ಮ ಸಭೆಯಲ್ಲಿ ಕೊಟ್ಟ ಮೂರು ನಿಮಿಷ ಸಾಲದೆ ಹೋದದ್ದರಿಂದ, ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ. ನನ್ನ ಮಗಳು ಲೀನಾ ಇದನ್ನು ಇಂಗ್ಲಿಷಿಗೆ ತಿರುಗಿಸಿ ನಿಮಗೆ ಕಳಿಸುತ್ತಾಳೆ. ಬಿರುಸಾದ ಮಾತಿದ್ದಲ್ಲಿ ಮೆತ್ತಗೆ ಮಾಡುತ್ತೇನೆ ಎಂದಿದ್ದಾಳೆ. ಆದ್ದರಿಂದ ಮೆತ್ತಗಿದ್ದ ಕಡೆಯೆಲ್ಲ ತಾವು ಒಂದಿಷ್ಟು ಖಾರ ಸೇರಿಸಿಕೊಂಡು ಓದಬೇಕು.

ಮೊದಲು ನಾನು ಯಾರೆಂದು ಹೇಳುತ್ತೇನೆ. ಕೊಪ್ಪಳದ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವನು. ಅದರ ಮುಂದೆ ನನಗೆ ಕಲಿಸುವಷ್ಟು ವಿದ್ಯೆ ಅಲ್ಲಿನ ಮಾಸ್ತರರ ಬಳಿ ಇರಲಿಲ್ಲ. ಡೆಟ್ರಾಯ್ಟ್ ಹತ್ತಿರದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಇಂಜಿನಿಯರ್ ಆಗಿದ್ದ ನಮ್ಮ ಅಣ್ಣ ಕರೆಸಿಕೊಂಡ. ಆಮೇಲೆ ಇಲ್ಲೇ ಇಲಿನಾಯ್‌ನ ಡೆಸ್ ಪ್ಲೇನ್ಸ್‌ನಲ್ಲಿ, ವಿಮಾನ ನಿಲ್ದಾಣದ ಪಕ್ಕದ ಗೋದಾಮಿನಲ್ಲಿ, ನಿವೃತ್ತನಾಗುವವರೆಗೆ ಫೋರ್ಕ್‌ಲಿಫ್ಟ್ ಓಡಿಸಿದೆ. ನಾನು ಮಾಲು ಇಳಿಸಿಕೊಂಡು ಹೂಂ ಅನ್ನುವ ತನಕ ಎಷ್ಟೋ ವಿಮಾನಗಳು ಮತ್ತೆ ಹಾರಲು ಹಿಂದೆಮುಂದೆ ನೋಡುತ್ತಿದ್ದವು. ಇನ್ನು ನಮ್ಮ ಹಳ್ಳಿಯಲ್ಲಿ ಅಗಸಿ ಕಟ್ಟೆ ಎಂದಿದೆ. ಊರ ಬಾಗಿಲಿನ ಬಗಲಿಗೆ ಇರುವ ಕಲ್ಲಿನ ಜಗಲಿ ಅದು. ಯಾರು ಬಂದರು, ಯಾರು ಹೋದರು, ಯಾರ ಮುಖ ಸಪ್ಪಗಿದೆ ಎಂಬುದೆಲ್ಲ ಅಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಹರೆಯದಲ್ಲಿ ಆ ಕಟ್ಟೆಯ ಮೇಲೆ ನನ್ನಷ್ಟು ಹೊತ್ತು ಕೂತವರು ಮತ್ತೊಬ್ಬರಿಲ್ಲ. ನಮ್ಮಪ್ಪ ಇದನ್ನು ಬೈಗುಳವಾಗಿ ಹೇಳುತ್ತಿದ್ದರು, ನಾನು ಅನುಭವವೆಂದು ಹೇಳುತ್ತೇನೆ. ಜನ ಎಲ್ಲಿ ಕೂರುತ್ತಾರೆ, ಎಲ್ಲಿ ಕೂರುವುದಿಲ್ಲ ಎಂಬ ವಿಷಯದಲ್ಲಿ ನಿಮ್ಮ ಕನ್ಸಲ್ಟೆಂಟ್ ನನ್ನ ಶಿಷ್ಯನಾಗಬಹುದು. ಫೀಜು ಬೇಡ.

ಈ ಬ್ಯಾಂಕಿನ ಗೋಡೆ ನಮಗೆ ಕಟ್ಟೆಯಾದದ್ದು ಯಾರ ಯೋಜನೆಯಿಂದಲೂ ಅಲ್ಲ. ಅದು ದಕ್ಷಿಣಕ್ಕೆ ಮುಖ ಮಾಡಿದೆ, ಹಿಂದೆ ಬ್ಯಾಂಕಿನ ಕಟ್ಟಡ ಗಾಳಿ ತಡೆಯುತ್ತದೆ. ಏಪ್ರಿಲ್ ಹೊತ್ತಿಗೇ ಕಲ್ಲು ಬೆಚ್ಚಗಾಗುತ್ತದೆ. ಮೆಟ್ರಾ ಎಂಬ ಲೋಕಲ್ ರೈಲು ಬರುವುದು ಹೋಗುವುದು ಕಾಣುತ್ತದೆ. ಮುಖ್ಯವಾಗಿ, ನಮ್ಮ ಮನೆಗಳಿರುವ ಸಬ್‌ಡಿವಿಜನ್ನಿನಿಂದ ಅಲ್ಲಿಗೆ ಹೋಗಲು ದೊಡ್ಡ ರಸ್ತೆ ಯಾವುದನ್ನೂ ದಾಟಬೇಕಿಲ್ಲ. ಈ ಕೊನೆಯ ಮಾತು ನಿಮ್ಮ ನಕ್ಷೆಯಲ್ಲಿ ಕಾಣದು, ಗಂಗಮ್ಮನವರ ಮೊಣಕಾಲಿಗೆ ಕಾಣುತ್ತದೆ.

ಗಂಗಮ್ಮನವರ ವಿಷಯಕ್ಕೇ ನಾನು ಈ ಪತ್ರ ಬರೆಯುತ್ತಿರುವುದು. ಅವರ ಮಗ ಸೊಸೆ ಇಬ್ಬರೂ ಇಂಜಿನಿಯರುಗಳು. ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಬಂದವರು, ಮೊಮ್ಮಕ್ಕಳು ಕಾಲೇಜಿಗೆ ಹೋದ ಮೇಲೂ ಇಲ್ಲೇ ಉಳಿದರು. ಕಾರು ಬಿಡಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಥ್ಯಾಂಕ್ಯೂ, ನೋ ಶುಗರ್ ಇವೆರಡು ಬರುತ್ತವೆ. ದಿನಾ ಮಧ್ಯಾಹ್ನ ಊಟವಾದ ಮೇಲೆ ನಡೆದು ಆ ಕಟ್ಟೆಗೆ ಬರುತ್ತಾರೆ. ನನ್ನ ಹೆಂಡತಿ ಶಾಂತವ್ವ ಬರುತ್ತಾಳೆ. ನಿವೃತ್ತ ಡಾಕ್ಟರು ಶರಣಪ್ಪನವರು ಬಂದು ಕೂರುತ್ತಾರೆ, ಆದರೆ ಯಾರೂ ರೋಗದ ಮಾತು ತೆಗೆಯಬಾರದು ಎಂಬ ಕರಾರಿನ ಮೇಲೆ. ಆ ಒಂದೆರಡು ತಾಸು ಗಂಗಮ್ಮನವರು ಮಾತಾಡಿದ್ದಷ್ಟೇ ಅವರ ದಿನದ ಮಾತು. ಮನೆಯಲ್ಲಿ ಎಲ್ಲರೂ ಒಳ್ಳೆಯವರು, ಆದರೆ ಎಲ್ಲರೂ ಮೀಟಿಂಗಿನಲ್ಲಿರುತ್ತಾರೆ.

ಈಗ ತಮ್ಮ ಯೋಜನೆಗೆ ಬರುತ್ತೇನೆ. ಹೋದ ವರ್ಷ ತಾವು ಈ ದೇಶದ ದಕ್ಷಿಣದ ಒಂದು ನಡುಗಾತ್ರದ ನಗರಕ್ಕೆ ಪ್ರವಾಸ ಹೋಗಿ ಬಂದಿರಿ. ಅಲ್ಲಿ ನದಿ, ನದಿಗೆ ಸೇತುವೆ, ಸೇತುವೆಯ ಪಕ್ಕ ಸಾಲಾಗಿ ಬೆಂಚಿನಂಥ ಜೋಕಾಲಿ, ಹಳೆಯ ಬಟ್ಟೆ ಗಿರಣಿಯೊಳಗೆ ಅಪಾರ್ಟ್‌ಮೆಂಟು, ಹೊರಗೆ ಕುರ್ಚಿ ಹಾಕಿದ ಹೋಟೆಲುಗಳು. ಸತ್ತಿದ್ದ ಡೌನ್‌ಟೌನ್ ಬದುಕಿಬಿಟ್ಟಿದೆ ಎಂದು ಚಿತ್ರ ತೋರಿಸಿದಿರಿ. ನಮ್ಮಲ್ಲಿ ನದಿ ಇಲ್ಲವಾದ್ದರಿಂದ ಬ್ಯಾಂಕಿನ ಮುಂದೆ ಜೋಕಾಲಿಯನ್ನಾದರೂ ತರೋಣ ಎಂದು ತೀರ್ಮಾನಿಸಿದಿರಿ. ಸಭೆ ಮುಗಿದ ಮೇಲೆ ವರಾಂಡದಲ್ಲಿ ನನ್ನ ಭುಜ ತಟ್ಟಿ, ಆ ಊರನ್ನು ಒಮ್ಮೆ ನೋಡಿ ಬನ್ನಿ, ಕಣ್ಣು ತೆರೆಯುತ್ತದೆ ಎಂದಿರಿ.

ಮಾನ್ಯರೇ, ನಾನು ಆ ಊರನ್ನು ನಿಮಗಿಂತ ಮೊದಲೇ ನೋಡಿದ್ದೇನೆ. ತಾವು ಎರಡು ರಾತ್ರಿ ಹೋಟೆಲಿನಲ್ಲಿದ್ದಿರಿ, ನಾನು ಒಂದು ಬೇಸಿಗೆ ಪೂರ್ತಿ ಇದ್ದೆ. ನಮ್ಮ ಅಣ್ಣನ ಮಗ ಈರೇಶ್ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಹುಟ್ಟಿ ಬೆಳೆದು, ಅಪ್ಪನ ಹಾಗೇ ಕಾರು ಕೆಲಸದ ಇಂಜಿನಿಯರ್ ಆದವನು. ಅವನ ಕೆಲಸ ದಕ್ಷಿಣಕ್ಕೆ ಹೋಯಿತು, ಅದರ ಹಿಂದೆ ಅವನೂ ಹೋದ. ಅವನಂಥವರು ಸಾವಿರಗಟ್ಟಲೆ ಹೋದರು. ನೆನ್ನೆ ಮೊನ್ನೆ ತನಕ ಪೈನ್ ಮರಗಳಿದ್ದ ಜಾಗದಲ್ಲಿ ಒಂದೇ ಅಚ್ಚಿನ ಮನೆಗಳು ಎದ್ದಿವೆ. ಈರೇಶನ ಮನೆ ಯಾವುದೆಂದು ಗೊತ್ತಾಗದೆ ನಾನು ಪಕ್ಕದ ಮನೆಯ ಗ್ಯಾರೇಜಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದಿದ್ದೆ. ಆ ಮನೆಯವರು ಒಳ್ಳೆಯವರು, ಲೆಮನೇಡ್ ಕೊಟ್ಟರು.

ಆ ಊರನ್ನು ನಾನು ಹಳಿಯುವುದಿಲ್ಲ. ಜೋಕಾಲಿಯಲ್ಲಿ ನಾನೂ ಕೂತೆ, ಇಳಿಯಲು ಮನಸ್ಸಾಗಲಿಲ್ಲ. ಈರೇಶ್ ಪಕ್ಕದಲ್ಲಿ ನಿಂತುಕೊಂಡು, "ಕಾಕಾ, ಹಿಂದ್ ಲೈನ್ ನಿಂತಾರ, ಇಳೀರಿ" ಎನ್ನುತ್ತಿದ್ದ. "ನಿಲ್ಲಲಿ ಬಿಡೋ, ಇದನ್ನ ನೋಡಾಕ ನಿಮ್ಮ ಕಾಕಾ ಇಲಿನಾಯ್‌ದಿಂದ ಬಂದಾನ ಅಂತ ಹೇಳು" ಎಂದೆ. ಅವನು ಹೇಳಲಿಲ್ಲ. ಆದರೆ ಅದೇ ಜೋಕಾಲಿಯಲ್ಲಿ ನನ್ನ ಬಗಲಿಗೆ ಒಬ್ಬ ಮುದುಕರು ಕೂತಿದ್ದರು. ಅಲ್ಲೇ ಹುಟ್ಟಿದವರು, ಕ್ಷೌರದ ಕೆಲಸದವರು. ಎದುರಿಗಿನ ಐಸ್‌ಕ್ರೀಮ್ ಅಂಗಡಿ ತೋರಿಸಿ, ನನ್ನ ಅಂಗಡಿ ಅಲ್ಲಿತ್ತು, ಈಗ ಹೈವೇಯಲ್ಲಿ ಮೂರು ಎಕ್ಸಿಟ್ ದಾಟಿ ಆಚೆ ಹೋಗಿದೆ ಎಂದರು. ಊರು ಹೇಗಾಗಿದೆ ಎಂದು ಕೇಳಿದೆ. "ಬಹಳ ಚೆಂದ ಆಗಿದೆ. ನಾನೂ ಆಗಾಗ ನೋಡಲು ಬರುತ್ತೇನೆ" ಎಂದರು. ತನ್ನ ಊರಿಗೆ ತಾನೇ ಪ್ರವಾಸಿಯಾಗಿ ಬರುವ ಆ ಮನುಷ್ಯನ ಚಿತ್ರ ತಮ್ಮ ಸ್ಲೈಡುಗಳಲ್ಲಿ ಇರಲಿಲ್ಲ. ಅವರು ಜೋಕಾಲಿಯಲ್ಲಿ ಕೂತದ್ದು ಮಾತ್ರ ಇದ್ದಿರಬಹುದು, ನಗುತ್ತಲೇ ಇದ್ದರು.

ಇನ್ನೂ ಒಂದು ಮಾತು. ಆ ಊರಿಗೆ ಮೊದಲು ಕಾರ್ಖಾನೆ ಬಂತು, ಕೆಲಸ ಬಂತು, ಜನ ಬಂದರು, ಆಮೇಲೆ ಜೋಕಾಲಿ ಬಂತು. ತಾವು ಮೊದಲು ಜೋಕಾಲಿ ಕಟ್ಟಿ ಜನ ಬರುತ್ತಾರೆಂದು ಕಾಯುವವರು. ಅಲ್ಲಿ ಫೆಬ್ರವರಿಯಲ್ಲೂ ತೋಳಿಲ್ಲದ ಅಂಗಿ ಹಾಕಿ ಓಡಾಡುತ್ತಾರೆ. ಇಲ್ಲಿ ನೀರು ಕಲ್ಲಾಗುವ ಹತ್ತು ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಕಬ್ಬಿಣದ ಸರಪಳಿ ಹಿಡಿದು ಯಾರು ತೂಗಿಕೊಳ್ಳುತ್ತಾರೆ? ತಾವೇ ಮೊದಲು ಕೂತು ತೋರಿಸುವಿರಾ? ನಾನು ಹಿಂದಿನಿಂದ ನೂಕಲು ಸಿದ್ಧ.

ಇರಲಿ. ಚುಕ್ಕಿಯ ಸಂಗತಿಗೆ ಬರೋಣ. ಮಾರ್ಚಿನಲ್ಲಿ ಸಮುದಾಯ ಭವನದಲ್ಲಿ ತಾವು ಜನಾಭಿಪ್ರಾಯ ಸಂಗ್ರಹಿಸಿದಿರಿ. ಗೋಡೆಯುದ್ದಕ್ಕೂ ಚಿತ್ರಗಳು. ಒಂದು ಜೋಕಾಲಿ, ಒಂದು ಪಾರ್ಕಿಂಗ್ ಗ್ಯಾರೇಜು, ಒಂದು ಹೋಟೆಲಿನ ಹೊರಾಂಗಣ, ಹಾಗೇ ಒಂದು ಕಡೆ ನಮ್ಮ ಬ್ಯಾಂಕಿನ ಕಟ್ಟೆ. ಬಾಗಿಲಲ್ಲಿ ನಿಮ್ಮ ಕಚೇರಿಯ ಹುಡುಗಿ ನಗುನಗುತ್ತ ಪ್ರತಿಯೊಬ್ಬರ ಕೈಗೂ ಕೆಂಪು ಹಸಿರು ಅಂಟುಚುಕ್ಕಿಗಳನ್ನು ಕೊಟ್ಟಳು. ಕೆಂಪು ಎಂದರೆ ಬೇಡ, ಹಸಿರು ಎಂದರೆ ಬೇಕು ಎಂದು ಬಾಗಿಲ ಹಿಂದೆ ಇಂಗ್ಲಿಷಿನಲ್ಲಿ ಬರೆದು ಅಂಟಿಸಿತ್ತಂತೆ. ಬಾಗಿಲು ತೆರೆದೇ ಇತ್ತು. ತೆರೆದ ಬಾಗಿಲ ಹಿಂಬದಿಯನ್ನು ಯಾರು ಓದುತ್ತಾರೆ?

ನಮ್ಮ ಹೆಂಗಸರು ಕಟ್ಟೆಯ ಚಿತ್ರ ಕಂಡವರೇ ಅದರ ಮುಂದೆ ನಿಂತುಬಿಟ್ಟರು. ಕೈಯಲ್ಲಿ ಕೆಂಪು ಚುಕ್ಕಿ, ಎದುರಿಗೆ ಮನಸ್ಸಿಗೆ ಹಿಡಿಸಿದ ವಸ್ತು. ನಮ್ಮವರು ಏನು ಮಾಡುತ್ತಾರೆ? ಕುಂಕುಮವನ್ನು ಹೊಸ ಕಾರಿಗೆ ಹಚ್ಚುತ್ತೇವೆ, ಹೊಸ್ತಿಲಿಗೆ ಹಚ್ಚುತ್ತೇವೆ, ಬೀಸುವ ಕಲ್ಲಿಗೆ ಹಚ್ಚುತ್ತೇವೆ. ಗಂಗಮ್ಮನವರು ಮೊದಲು ಹಚ್ಚಿದರು. ಚಿತ್ರದಲ್ಲಿ ಅವರು ದಿನಾ ಕೂರುವ ಜಾಗ ಹುಡುಕಿ, ನಟ್ಟನಡುವೆ, ಹೆಬ್ಬೆರಳಿನಿಂದ ಒತ್ತಿ ಹಚ್ಚಿ ಕೈಮುಗಿದರು. ಕೆಂಪು ಮುಗಿದದ್ದಕ್ಕೆ ಶಾಂತವ್ವ ಮತ್ತೊಂದು ಹಾಳೆ ಕೇಳಿ ಇಸಿದುಕೊಂಡಳು. ನಿಮ್ಮ ಹುಡುಗಿ ಖುಷಿಯಿಂದ ಕೊಟ್ಟಳು. ಉಳಿದ ಹಸಿರು ಚುಕ್ಕಿಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು.

"ಪಾಪ, ಆ ಜೋಕಾಲಿ ಬರೇ ಹಣಿಲೆ ನಿಂತದ, ಅದಕ್ಕ ಹಚ್ಚರಿ" ಎಂದರು ಗಂಗಮ್ಮ.

ಹೀಗೆ ತಮ್ಮ ಜೋಕಾಲಿಗೆ ಭಾರೀ ಜನಬೆಂಬಲ ದೊರೆಯಿತು. ತಾವು ಅದನ್ನು ಪತ್ರಿಕೆಯವರಿಗೂ ಹೇಳಿದಿರಿ.

ನೀನು ಗೋದಾಮಿನಲ್ಲಿ ಕೆಲಸ ಮಾಡಿದವನು, ಕೆಂಪು ಚೀಟಿ ಅಂಟಿಸಿದ ಮಾಲು ಎಂದರೆ ಒಡೆದ ಮಾಲು ಎಂದು ನಿನಗೆ ಗೊತ್ತಿರಲಿಲ್ಲವೇ ಎಂದು ತಾವು ಕೇಳಬಹುದು. ಲೀನಾ ಕೇಳಿದಳು. ಗೊತ್ತಿತ್ತು. ಆದರೆ ಆ ಸಂಜೆ ನಾನು ಗೋದಾಮಿಗೆ ಹೋಗಿರಲಿಲ್ಲ, ಹೆಂಡತಿಯ ಜೊತೆ ಹೋಗಿದ್ದೆ. ಅವಳು ಹಚ್ಚಿದ ಕಡೆ ನಾನೂ ಹಚ್ಚಿದೆ. ಮದುವೆಯಾದಾಗಿನಿಂದ ನನ್ನ ಜನಾಭಿಪ್ರಾಯ ಹೀಗೇ ಸಂಗ್ರಹವಾಗುತ್ತಿದೆ. ಅಷ್ಟಕ್ಕೂ ಪ್ರಶ್ನೆ ಇದು: ದಿನಾ ಅದೇ ಕಟ್ಟೆಯ ಮೇಲೆ ಕಾಣುವ ಮುಖಗಳೇ ಬಂದು, ಅದನ್ನು ಒಡೆಯಿರಿ ಎಂದು ಕೈಮುಗಿದು ಹೇಳುತ್ತಿವೆ ಎಂದಾಗ, ನಿಮ್ಮಲ್ಲಿ ಒಬ್ಬರಿಗಾದರೂ ಸಂಶಯ ಬರಬೇಡವೇ? ಚುಕ್ಕಿಗಳನ್ನು ನೋಡಿದಿರಿ. ಹಚ್ಚುವವರ ಮುಖವನ್ನು ಯಾಕೆ ನೋಡಲಿಲ್ಲ?

ಮುಂದಿನ ಸಭೆಯಲ್ಲಿ ತಾವು ಫಲಿತಾಂಶ ಪ್ರಕಟಿಸಿದಾಗ, ಪಕ್ಕದಲ್ಲಿ ಕೂತಿದ್ದ ಲೀನಾ ನನ್ನ ಕಿವಿಯಲ್ಲಿ, "ಅಪ್ಪಾ, ಯು ಗಾಯ್ಸ್ ವೋಟೆಡ್ ಇಟ್ ಔಟ್" ಎಂದಳು. ಅಂದರೆ ಕಟ್ಟೆ ಬೇಡವೆಂದವರು ನಾವೇ. ನಾನು ಎದ್ದು ಮೈಕಿನ ಮುಂದೆ ಹೋದೆ. ಯಾರು ಮಾತಾಡುತ್ತಿದ್ದಾರೆಂದು ಸಭೆಗೆ ತಿಳಿಯಬೇಕಲ್ಲ, ಹಾಗಾಗಿ ನನ್ನ ಪರಿಚಯದಿಂದ ಶುರುಮಾಡಿದೆ. ಅಗಸಿ ಕಟ್ಟೆ ಮುಗಿದು ಫೋರ್ಕ್‌ಲಿಫ್ಟಿಗೆ ಬರುವಷ್ಟರಲ್ಲಿ ಮೂರು ನಿಮಿಷ ಮುಗಿದು ನಿಮ್ಮ ಮೇಜಿನ ಮೇಲೆ ಕೆಂಪು ದೀಪ ಹತ್ತಿತು. ಆ ಕೆಂಪು ಏನೆಂದು ನನಗೆ ತಕ್ಷಣ ಗೊತ್ತಾಯಿತು. ತಮ್ಮ ಕಳಕಳಿಯನ್ನು ಗೌರವಿಸುತ್ತೇವೆ ಎಂದಿರಿ. ಗೌರವ ಸಾಕಷ್ಟು ಸಿಕ್ಕಿದೆ ಮಾನ್ಯರೇ, ಮನೆಯಲ್ಲಿ ಇಡಲು ಜಾಗವಿಲ್ಲ.

ಈ ಸಂಗತಿಯನ್ನು ಗಂಗಮ್ಮನವರಿಗೆ ಹೇಳುವುದು ಬೇಡವೆಂದಿದ್ದೆವು. ಬಲೆ ಕಟ್ಟಿದ ದಿನ ತಾವಾಗಿಯೇ ತಿಳಿದುಕೊಂಡರು. ಮಧ್ಯಾಹ್ನ ಎಂದಿನಂತೆ ಬಂದು, ಬಲೆಯ ಹೊರಗೆ ನಿಂತು, ಒಳಗಿನ ಕಲ್ಲನ್ನೇ ನೋಡುತ್ತಿದ್ದರು.

"ಗುರುಶಾಂತಪ್ಪ, ನಾ ಮೊದಲ ಹಚ್ಚಿದೆ ಅಲ್ಲೇನು?"

"ಯಾರ್ ಮೊದಲ ಹಚ್ಚಿದ್ರೇನ್ರಿ ಯವ್ವಾ, ಎಲ್ಲಾರೂ ಹಚ್ಚೀವಿ."

"ಇಲ್ಲ, ನಾ ಮೊದಲ. ಕೈ ಬ್ಯಾರೆ ಮುಗದೆ. ನನ್ನ ಕೈಯಾರೆ ಅದನ್ನ ಕಳಸಿಕೊಟ್ಟಂಗಾತು."

ಆಮೇಲೆ ಅವರು ಕೆಲವು ದಿನ ಮನೆಯಿಂದ ಹೊರಗೆ ಬರಲಿಲ್ಲ. ನಿಮ್ಮ ಕಚೇರಿ ಸೂಚಿಸಿದ ಬದಲಿ ಜಾಗ, ಆಚೆಯ ಪಾರ್ಕಿನ ಬೆಂಚು, ಆರು ಲೇನಿನ ರಸ್ತೆಯ ಆಚೆಗಿದೆ. ಗಂಗಮ್ಮನವರು ಅರ್ಧ ದಾಟುವಷ್ಟರಲ್ಲಿ ಸಿಗ್ನಲ್ ಬದಲಾಗುತ್ತದೆ. ಹೋಟೆಲಿನ ಹೊರಾಂಗಣದಲ್ಲಿ ಕೂರಬಹುದು ಎನ್ನುವಿರಿ. ಕೂರಲು ಕಾಫಿ ಕೊಳ್ಳಬೇಕು, ಕಾಫಿ ಮುಗಿದ ಮೇಲೆ ಎದ್ದೇಳಬೇಕು. ಬಾಯಿಬಿಟ್ಟು ಮಾತಾಡಲೆಂದೇ ಮನೆಯಿಂದ ಹೊರಟ ಮುದುಕಿ, ಮಾತು ಮುಗಿಯುವ ತನಕ ಎಷ್ಟು ಕಾಫಿ ಕುಡಿಯಬೇಕು? ಅವರು ಕುಡಿಯುವುದು ಚಹಾ.

ಈ ಮಂಗಳವಾರ ಮತ್ತೆ ಬಂದರು. ಬಂದವರೇ ಶಾಂತವ್ವನನ್ನು ಕೇಳಿದರು: "ಹಸರು ಟಿಕಳಿ ಅದಾವೇನ ನಿನ್ನ ಹಂತ್ಯಾಕ?"

ಟಿಕಳಿ ಎಂದರೆ ನಮ್ಮ ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಚುಕ್ಕಿ, ಎಲ್ಲ ಬಣ್ಣದ್ದೂ ಸಿಗುತ್ತದೆ. ಸೀರೆಗೆ ಹೊಂದಲೆಂದು ಶಾಂತವ್ವ ಮನೆಯಲ್ಲಿ ಒಂದು ಡಬ್ಬಿ ತುಂಬ ಇಟ್ಟಿದ್ದಾಳೆ. ಇಂಥದ್ದಕ್ಕೆಲ್ಲ ಯಾಕೆ ದುಡ್ಡು ಸುರಿಯುತ್ತೀ ಎಂದು ನಾನು ಆಗಾಗ ಗೊಣಗುತ್ತಿದ್ದವನು, ಆ ಮಾತನ್ನು ವಾಪಸು ತೆಗೆದುಕೊಂಡು ಡಬ್ಬಿ ತರಲು ಓಡಿದೆ. ಇಬ್ಬರೂ ಬಲೆಯ ಕಣ್ಣಿನೊಳಗೆ ಕೈ ಹಾಕಿ, ಕೈಗೆ ಎಟುಕಿದ ಕಲ್ಲಿಗೆಲ್ಲ ಹಸಿರು ಹಚ್ಚಿದರು. ಶರಣಪ್ಪ ಡಾಕ್ಟರು ಬಗ್ಗಿ ಕೆಳಗಿನ ಸಾಲಿಗೆ ಹಚ್ಚಿ, ಏಳುವಾಗ ತಮ್ಮದೇ ಕರಾರು ಮರೆತು ಸೊಂಟ ನೋವಿನ ಮಾತು ತೆಗೆದರು. ಗಂಗಮ್ಮನವರು ತಾವು ಕೂರುವ ಜಾಗಕ್ಕೆ ಕೈ ನಿಲುಕದೆ, ನನ್ನ ಹತ್ತಿರ ಹಚ್ಚಿಸಿದರು. ನನ್ನ ತೋಳು ಉದ್ದ, ಅದು ಡೆಸ್ ಪ್ಲೇನ್ಸ್‌ಗೆಲ್ಲ ಗೊತ್ತು.

"ಈಗ ಅವರ ಲೆಕ್ಕದಾಗ ಬರತೈತಿ ಅಲ್ಲ?" ಎಂದು ಕೇಳಿದರು.

ನಾನು ಬರುತ್ತದೆ ಎಂದೆ. ಜೀವನದಲ್ಲಿ ನಾನು ಕೊಚ್ಚಿಕೊಂಡ ಮಾತುಗಳಲ್ಲಿ ಇದೊಂದನ್ನು ನಿಜ ಮಾಡುವುದು ನನ್ನ ಕೈಯಲ್ಲಿಲ್ಲ, ತಮ್ಮ ಕೈಯಲ್ಲಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಜೋಕಾಲಿ ಕಟ್ಟುವುದಾದರೆ ಕಟ್ಟಿ, ನಾನೂ ಬಂದು ಕೂರುತ್ತೇನೆ, ಬೇಗ ಇಳಿಯುವುದಿಲ್ಲ. ಆದರೆ ಆ ಗೋಡೆಯನ್ನು ಬಿಡಿ. ಒಡೆಯುವ ಯಂತ್ರ ಬರುವ ಮೊದಲು ತಾವೊಮ್ಮೆ ಬನ್ನಿ, ಮಧ್ಯಾಹ್ನದ ಹೊತ್ತು, ಸ್ಲೈಡು ಕನ್ಸಲ್ಟೆಂಟು ಯಾರೂ ಇಲ್ಲದೆ. ಹಸಿರು ಎಂದರೆ ಬೇಕು ಎಂಬುದು ನಿಮ್ಮದೇ ನಿಯಮ. ಬಲೆಯ ಹೊರಗೆ ನಿಂತು ನೋಡಿ. ಮಳೆ ಬಂದರೆ ಟಿಕಳಿಯ ಅಂಟು ಬಿಡುತ್ತದೆ, ಗಂಗಮ್ಮನವರು ದಿನಾ ಬಂದು ಬಿದ್ದವನ್ನು ಮತ್ತೆ ಹಚ್ಚುತ್ತಿದ್ದಾರೆ. ಅವರು ಅಲ್ಲೇ ಸಿಗುತ್ತಾರೆ. ನಿಂತುಕೊಂಡಿರುತ್ತಾರೆ, ಕೂರಲು ಜಾಗವಿಲ್ಲ.

ಇಂತಿ,
ಮೂರು ನಿಮಿಷದಲ್ಲಿ ತನ್ನ ಹೆಸರಿನಿಂದ ಮುಂದೆ ಹೋಗಲಾರದ,
ಕೆಂಪಿಗೂ ಹಸಿರಿಗೂ ತಡವಾಗಿ ವ್ಯತ್ಯಾಸ ಕಲಿತ,
ಗುರುಶಾಂತಪ್ಪ
(ಸದ್ಯದ ವಿಳಾಸ: ಕಿತ್ತಳೆ ಬಲೆಯ ಹೊರಗೆ, ಹಳೆಯ ಬ್ಯಾಂಕಿನ ಎದುರು)