ಮಚ್ಚೆ ಹಸು ಕೊಟ್ಟು ತಂದ ಕಾರು

ಬಂಗಾರಪೇಟೆ,
೧೭ನೇ ನವೆಂಬರ್ ೧೯೪೬, ಭಾನುವಾರ

ನನ್ನವರಿಗೆ, ರತ್ನ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಮದನಪಲ್ಲಿ ಕಡೆ ಈಗ ಬೆಳಗಿನ ಚಳಿ ಜೋರಾಗಿರಬೇಕು. ಮಲಗುವ ಜಗುಲಿಗೆ ಬಿದಿರಿನ ತಟ್ಟಿ ಕಟ್ಟಿಸಿದರೋ ಇಲ್ಲವೋ? ನಾನು ಕಳಿಸಿದ ಕಂಬಳಿ ಪೆಟ್ಟಿಗೆಯಲ್ಲೇ ಇದ್ದರೆ ದಯವಿಟ್ಟು ತೆಗೆದು ಹೊದ್ದುಕೊಳ್ಳಿ. ಅಲ್ಲಿ ಅದನ್ನು ನೋಡಿ ನಗುವವರು ಯಾರೂ ಇಲ್ಲ. ಹಾಲು, ಮೊಟ್ಟೆ ಬಿಡಬೇಡಿ. ತೂಕ ಏರಿದೆ, ಕಫದ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಡಾಕ್ಟರು ಮತ್ತೆ ಹೇಳಿದರು ಎಂದು ನೀವು ಬರೆದಿದ್ದ ಸಾಲನ್ನು ಎಷ್ಟು ಸಲ ಓದಿದೆನೋ. ಓದಿ ಓದಿ ಆ ಜಾಗದ ಕಾಗದವೇ ಮೆತ್ತಗಾಗಿದೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ಅತ್ತೆಯ ಮಂಡಿನೋವು ಇದ್ದಂತೆಯೇ ಇದೆ, ಅವರ ಬಾಯಿಯೂ ಇದ್ದಂತೆಯೇ ಇದೆ, ಆದ್ದರಿಂದ ಆರೋಗ್ಯವಾಗಿದ್ದಾರೆ ಎಂದು ತಿಳಿಯಿರಿ. ರಾಗಿ ತೆನೆ ಕಟ್ಟಿದೆ. ಊರಿಗಾಂಗೆ ಹಾಲು ಕಳಿಸುವುದು ಎಂದಿನಂತೆ ಬೆಳಗಿನ ರೈಲಿನಲ್ಲಿ ನಡೆಯುತ್ತಿದೆ. ಸ್ವಲ್ಪ ಕಡಿಮೆಯಾಗಿದೆ. ಏಕೆಂದು ಮುಂದೆ ಬರೆಯುತ್ತೇನೆ, ಈಗಲೇ ಕೋಪ ಮಾಡಿಕೊಳ್ಳಬೇಡಿ.

ಅದೇ ಕಾಗದದ ಕೊನೆಯಲ್ಲಿ ನೀವು ಬರೆದಿದ್ದ ಇನ್ನೊಂದು ಮಾತನ್ನು ಮಾತ್ರ ನಾನು ಒಂದೇ ಸಲ ಓದಿದ್ದು. ಆಸ್ಪತ್ರೆಯ ತೋಟದಲ್ಲಿ ಕೆಲಸ ಕೊಡುತ್ತಾರಂತೆ, ಅಲ್ಲೇ ಇದ್ದುಬಿಡುತ್ತೀರಂತೆ, ವಾಸಿಯಾದರೂ ಊರಿಗೆ ಬರುವ ಮನಸ್ಸಿಲ್ಲವಂತೆ. ಕಾರಣ ನೀವು ಬರೆಯಲಿಲ್ಲ. ನನಗೆ ಗೊತ್ತು. ನಿಮ್ಮನ್ನು ಕರೆದುಕೊಂಡು ಹೋದ ದಿನ ಆ ರೈಲಿನಲ್ಲಿ ನಾನೂ ಇದ್ದೆನಲ್ಲ. ನೀವು ಒಂದು ಸಲ ಕೆಮ್ಮಿದಿರಿ, ಎದುರಿನ ಬೆಂಚಿನವರು ಎದ್ದು ಹೋದರು. ಇನ್ನೊಂದು ಸಲ ಕೆಮ್ಮಿದಿರಿ, ನಮ್ಮ ಬೆಂಚೂ ಖಾಲಿಯಾಯಿತು. ಆಮೇಲೆ ಜರತಾರಿ ಪೇಟದ ಆ ಮನುಷ್ಯ, "ಏಮಮ್ಮಾ, ಈ ಮನಿಷಿನಿ ದಿಂಪೇಯಿ" ಎಂದು, ಇವನನ್ನು ಇಳಿಸಿಬಿಡು ಎಂದು, ನನಗೆ ಕೂಗಿ ಹೇಳಿದ. ನಿಮಗೆ ತೆಲುಗು ಬರುವುದಿಲ್ಲವೇನೋ ಎಂಬಂತೆ, ನೀವು ಮನುಷ್ಯರೇ ಅಲ್ಲವೇನೋ ಎಂಬಂತೆ. ಮುಂದಿನ ಸ್ಟೇಷನ್ನಿನಲ್ಲಿ ನೀವಾಗಿಯೇ ಇಳಿದಿರಿ. ಪ್ಲಾಟ್‌ಫಾರಂ ಮೇಲೆ ಟ್ರಂಕಿನ ಮೇಲೆ ಕೂತು ಇನ್ನೊಂದು ಗಾಡಿಗಾಗಿ ಕಾದೆವು. ಆ ಹೊತ್ತಿನಲ್ಲಿ ನಿಮ್ಮ ಮುಖ ಹೇಗಿತ್ತೋ ಅದನ್ನು ನಾನು ಯಾರಿಗೂ ಹೇಳಿಲ್ಲ.

ಈಗ ಸುದ್ದಿ. ದೀಪಾವಳಿ ಕಳೆದ ಮೇಲೆ ನನ್ನ ಗೆಳತಿ ಅನಸೂಯಮ್ಮನ ಮಗುವಿಗೆ ಹೆಸರಿಡುವ ಶಾಸ್ತ್ರವಿದೆಯೆಂದು ಮಾರಿಕುಪ್ಪಂಗೆ ಹೋಗಿದ್ದೆ. ಸ್ಟೇಷನ್ನಿನಿಂದ ನಡೆದು ಬರುವಾಗ ಟೆಂಟ್ ಸಿನಿಮಾದ ಮುಂದೆ ಒಂದು ಕಾರು ನಿಂತಿತ್ತು. ಹಸಿರು, ಹಳದಿ ಬಣ್ಣ ಬಳಿದು, ಮೈತುಂಬ ಜಾಹೀರಾತು ಅಂಟಿಸಿ, ಒಂದು ಬಾಗಿಲ ಮೇಲೆ ತಮಿಳಿನಲ್ಲೂ ಇನ್ನೊಂದರ ಮೇಲೆ ಕನ್ನಡದಲ್ಲೂ "ಇಂದೇ ನೋಡಿರಿ" ಎಂದು ಬರೆದಿತ್ತು. ನಾನು ದಾಟಿ ಹೋಗುತ್ತಿದ್ದೆ. ಮೇಲಿನ ಮಡಿಚುವ ಕ್ಯಾನ್‌ವಾಸಿಗೆ ಕೆಂಪು ಬಟ್ಟೆಯ ತೇಪೆ ಕಂಡಿತು. ನನ್ನದೇ ಸೀರೆಯ ತುಂಡು! ನೀವು ಗೋಣಿಸೂಜಿಯಲ್ಲಿ ವಕ್ರವಕ್ರವಾಗಿ ಹೊಲಿದ ಹೊಲಿಗೆ! ನಮ್ಮ ಓವರ್‌ಲ್ಯಾಂಡ್ ಕಾರು. ಊರಿಗಾಂನ ಡಾಕ್ಟರು ದೊರೆ ಸೀಮೆಗೆ ಹೋಗುವಾಗ ಕೊಟ್ಟುಹೋದದ್ದು, ನೀವು ಸ್ಟೇಷನ್ನಿಂದ ಗಣಿಗಳಿಗೆ ಬಾಡಿಗೆ ಓಡಿಸುತ್ತಿದ್ದದ್ದು, ಯುದ್ಧ ಬಂದು ಪೆಟ್ರೋಲು ಇಲ್ಲದಂತಾದಾಗ ಮಾರಿ ಬಂದು ಆ ದಿನವೆಲ್ಲ ಹೊಲದಲ್ಲೇ ಕೂತಿದ್ದಿರಲ್ಲ, ಅದೇ. ನಾನು ಬೀದಿಯಲ್ಲಿ ನಿಂತು ಅದರ ಮಡ್‌ಗಾರ್ಡ್ ಮೇಲೆ ಕೈಯಿಟ್ಟೆ. ನೋಡಿದವರು ಸಿನಿಮಾ ಹುಚ್ಚಿನ ಹೆಂಗಸು ಅಂದುಕೊಂಡಿರಬೇಕು.

ಟೆಂಟಿನ ಯಜಮಾನ ಆದಿನಾರಾಯಣ ಎಂಬಾತ. ಕುಪ್ಪಂ ಕಡೆಯವನು, ಒಳ್ಳೆಯವನು. ಮಳೆಗಾಳಿಗೆ ಟೆಂಟು ಹರಿದು, ಆಟ ನಿಂತು, ಊರಿಗೆ ಹೊರಟಿದ್ದ. ಕಾರನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಯಾಕೆ ಕೇಳಿದೆನೋ ಆಗ ನನಗೂ ಸ್ಪಷ್ಟವಿರಲಿಲ್ಲ. ನಿಮ್ಮ ಕಾಗದ ರವಿಕೆಯೊಳಗೇ ಇತ್ತು. ಆತ ಕಾರನ್ನೂ ನನ್ನನ್ನೂ ನೋಡಿ, "ದುಡ್ಡಿನ ಮಾತು ಬ್ಯಾಡಮ್ಮ. ಊರಾಗೆ ನನ್ ಹೆಂಡ್ರು ಮಕ್ಳು ಅವ್ರೆ. ಒಂದು ಕರೆಯೋ ಅಸು ಕೊಡು, ಇದನ್ನ ಒಡ್ಕೊಂಡೋಗು" ಎಂದ. ರೈಲಿನಲ್ಲಿ ಮನೆಗೆ ಬರುತ್ತ ನಾನು ಲೆಕ್ಕ ಹಾಕಲಿಲ್ಲ, ಯೋಚನೆಯನ್ನೂ ಮಾಡಲಿಲ್ಲ. ಆ ಕಾರಿನಲ್ಲಿ ನೀವು ಕೂತರೆ ಯಾರೂ ಎದ್ದು ಹೋಗುವುದಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಹೌದು, ಮಚ್ಚೆ ಹಸುವನ್ನು ಕೊಟ್ಟೆ. ಕರುವನ್ನೂ ಅದರ ಜೊತೆ ಕಳಿಸಿದೆ. ಹಗ್ಗ ಹಿಡಿದು ಕೊಡುವಾಗ ಅದು ತಿರುಗಿ ನನ್ನ ಸೆರಗನ್ನು ನೆಕ್ಕಿತು. ಆಗ ಅತ್ತಿದ್ದೂ ನಿಜ. ಅತ್ತೆಯಂತೂ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ, "ಆಲು ಕೊಡೋ ಅಸೂನ ಕೊಟ್ಟು ವೊಗೆ ಬುಡೋ ತಗಡು ತಂದವ್ಳಲ್ಲಪ್ಪೋ! ಇದುಕ್ಕೇನು ಹುಲ್ಲಾಕ್ತೀಯಾ, ಹುಳ್ಳಿ ಇಡ್ತೀಯಾ?" ಎಂದು ಕೂಗಿದರು. ಅವರ ಮಾತು ತಪ್ಪೆಂದು ಹೇಳುವ ಹಾಗೂ ಇರಲಿಲ್ಲ. ಗಣಿಮಣ್ಣಿನ ಸೈನೈಡು ದಿಬ್ಬದ ಪಕ್ಕದ ಏರಿನಲ್ಲಿ ಒಂದು ಸಲ, ನಮ್ಮ ರೈಲ್ವೆ ಗೇಟಿನಲ್ಲಿ ಒಂದು ಸಲ ಅದು ನಿಂತೇಹೋಗಿ, ಗೇಟಿನಿಂದ ಮನೆಯವರೆಗೆ ಜನ ತಳ್ಳಿಕೊಂಡು ಬಂದಿದ್ದರು. "ಇಂದೇ ನೋಡಿರಿ" ಎಂದು ಬರೆದಿತ್ತಲ್ಲ, ಎಲ್ಲರೂ ನೋಡಿದರು.

ಓಡಿಸಿಕೊಂಡು ಬಂದದ್ದು ಮುನಿಸ್ವಾಮಪ್ಪ. ನಂದಿದುರ್ಗ ಗಣಿಯ ವರ್ಕ್‌ಶಾಪಿನಲ್ಲಿ ಈಗಲೂ ಇದ್ದಾರೆ, ನಿಮ್ಮ ಹಳೇ ಸ್ನೇಹ ಒಂದಿಷ್ಟೂ ಮಾಸಿಲ್ಲ. ನಿಮಗಾಗಿ ಎಂದು ನಾನು ಹೇಳಿದ ಕೂಡಲೇ ರಜ ಕೇಳಿ ಬಂದರು. ನಮ್ಮ ಹುಣಸೆಮರದ ಕೆಳಗೆ ಕಾರಿನಡಿ ಮಲಗಿಕೊಂಡು ಅವರು ಇಂಜಿನ್ನಿಗೆ ತಮಿಳಿನಲ್ಲಿ ಬೈಯುವುದು, ನನಗೆ ಕನ್ನಡದಲ್ಲಿ ಸಮಾಧಾನ ಹೇಳುವುದು ಹೀಗೇ ನಡೆಯಿತು. ಒಂದು ಮಧ್ಯಾಹ್ನ ಮೈಯೆಲ್ಲ ಎಣ್ಣೆಯಾಗಿ ಎದ್ದು ಬಂದು, "ಅಕ್ಕಯ್ಯ, ಮೈ ಮಾತ್ರ ಸೊರಗೈತೆ. ಒಳಗೆ ಎದೆ ಗಟ್ಟಿಯಾಗೈತೆ. ಓಗಿ ಬತ್ತೈತೆ ಬುಡು" ಎಂದರು. ಅವರು ಕಾರಿನ ಮಾತು ಹೇಳಿದರು. ನಾನು ಒಳಗೆ ಹೋಗಿ ಸ್ವಲ್ಪ ಹೊತ್ತು ದೇವರ ಮುಂದೆ ಕೂತೆ.

ಉಳಿದದ್ದು ಪೆಟ್ರೋಲು. ಅದು ಈಗಲೂ ಕೂಪನ್ ಇಲ್ಲದೆ ಸಿಗುವುದಿಲ್ಲ. ರೋಗಿಯನ್ನು ಕರೆತರಬೇಕೆಂದು ಅರ್ಜಿ ಬರೆದುಕೊಂಡು ಅಮಲ್ದಾರರ ಕಚೇರಿಗೆ ಹೋದೆ. ಅವತ್ತು ಕಂದಾಯದ ದಿನ. ನಮ್ಮ ಬೀದಿಯವರೇ ಅರ್ಧ ಜನ ಅಲ್ಲಿದ್ದರು. ಗುಮಾಸ್ತರು ತಲೆಯೆತ್ತದೆ, "ಏನಮ್ಮ ಕಾಯಿಲೆ?" ಎಂದರು. ನಿಮಗೆ ಗೊತ್ತಲ್ಲ, ಅತ್ತೆ ಎಲ್ಲರಿಗೂ ನೀವು ಮದರಾಸಿನ ಮಂಡಿಯಲ್ಲಿ ಕೆಲಸದಲ್ಲಿದ್ದೀರಿ ಎಂದೇ ಹೇಳಿಕೊಂಡು ಬಂದಿದ್ದಾರೆ. ಈ ಎರಡು ವರ್ಷವೂ ನಾನು ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದೇನೆ. ಜ್ವರ ಎನ್ನೋಣವೇ, ಕಾಲು ಮುರಿದಿದೆ ಎನ್ನೋಣವೇ ಎಂದುಕೊಂಡೆ. ಹಾಗೆಂದರೆ ನೀವು ಈ ಊರಿಗೆ ಬಂದಮೇಲೂ ಆ ರೈಲಿನ ಡಬ್ಬಿಯಲ್ಲೇ ಇದ್ದಂತೆ ಅನ್ನಿಸಿತು. "ಕ್ಷಯ ಇತ್ತು. ವಾಸಿಯಾಗಿದೆ. ನನ್ನ ಗಂಡನನ್ನು ಮನೆಗೆ ಕರೆದುಕೊಂಡು ಬರಬೇಕು" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ನಾನು ನೆಲ ನೋಡುತ್ತ, ಯಾರ ಕಾಲುಗಳು ಹಿಂದೆ ಸರಿಯುತ್ತವೆಯೋ ಎಂದು ಕಾದೆ. ಒಬ್ಬಿಬ್ಬರು ಸರಿದರು, ಇಲ್ಲವೆನ್ನುವುದಿಲ್ಲ. ಆದರೆ ಮಂಡಿ ಕೋದಂಡಪ್ಪನವರು ಬೆಂಚಿನಿಂದ ಮುಂದೆ ಬಂದು, "ವಾಸಿಯಾಗೈತಾ? ದಿಟವಾಗ್ಲೂ? ಮತ್ತೆ ಯಾಕಮ್ಮ ಇಂಗೆ ನಿಂತಿದ್ದೀಯಾ, ಬ್ಯಾಗನೆ ಕರ್ಕೊಂಬಾ" ಎಂದರು. ಗುಮಾಸ್ತರು ಕೂಪನ್ನಿಗೆ ಮೊಹರು ಒತ್ತಿದರು. ಆಚೆ ಬಂದಾಗ ಎದೆಯ ಮೇಲಿಂದ ಯಾರೋ ಬೀಸುವ ಕಲ್ಲು ಇಳಿಸಿದಂತಿತ್ತು.

ಆದರೆ ಮನೆ ಇನ್ನೂ ಬಾಕಿಯಿತ್ತಲ್ಲ. ನಾನು ಬರುವ ಮುಂಚೆಯೇ ಸುದ್ದಿ ಬಂದಿತ್ತು. ಅತ್ತೆ ಜಗುಲಿಯ ಮೇಲೆ ಅವರೆಕಾಯಿ ಮೊರ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸುಲಿಯುತ್ತಿರಲಿಲ್ಲ. "ಏಳ್ಬುಟ್ಯಾ?" ಎಂದರು. ಹೇಳಿಬಿಟ್ಟೆ ಅತ್ತೆ ಎಂದೆ. ಬೈಗುಳ ಬರುತ್ತದೆಂದು ಸೆರಗು ಸುತ್ತಿಕೊಂಡು ನಿಂತೆ. ಅವರು ಒಂದು ಅವರೆಕಾಯಿ ತೆಗೆದುಕೊಂಡು ಸುಲಿದರು. "ಒಳ್ಳೇದಾಯ್ತು ಬುಡು. ಮಂಡಿ ಅಂತೆ, ಮದ್ರಾಸಂತೆ, ಸುಳ್ಳೇಳಿ ಏಳಿ ನನ್ ನಾಲ್ಗೆ ಒಣ್ಗೋಗಿತ್ತು" ಎಂದರು. ಆಮೇಲೆ ಅವರೂ ಅತ್ತರು, ನಾನೂ ಅತ್ತೆ, ಅವರೆಕಾಯಿಯನ್ನು ಮಾತ್ರ ಇಬ್ಬರೂ ಸೇರಿ ಪೂರ್ತಿ ಸುಲಿದೆವು. ನೀವು ಹೋದಾಗ ಅವರು ನಿಮ್ಮ ಚಾಪೆ ಸುಟ್ಟಿದ್ದನ್ನು ನೀವು ಮನಸ್ಸಿನಲ್ಲಿಟ್ಟುಕೊಂಡಿದ್ದೀರೆಂದು ಬಲ್ಲೆ. ಅದು ಹೆದರಿಕೆ. ಹೆದರಿಕೆ ಈಗ ಅವರಲ್ಲಿ ಪೂರ್ತಿ ಹೋಗಿದೆಯೆಂದು ನಾನು ಹೇಳಲಾರೆ. ಅರ್ಧಕ್ಕಿಂತ ಹೆಚ್ಚು ಹೋಗಿದೆ.

ಕಾರಿಗೆ ಈಗ ಕಪ್ಪು ಬಣ್ಣ ಹೊಡೆದಿದ್ದಾರೆ. ಡಬ್ಬಿ ಸಾಲದೆ ಎಡಗಡೆಯ ಬಾಗಿಲ ಹಸಿರು ಹಾಗೇ ಉಳಿದಿದೆ. ನಿನ್ನೆ ಕೆರೆಯಂಗಳದವರೆಗೆ ಹೋಗಿ ಬಂದೆವು, ಎಲ್ಲೂ ನಿಲ್ಲಲಿಲ್ಲ. ಸೀಟಿಗೆ ಹೊಸದಾಗಿ ತೆಂಗಿನ ನಾರು ತುಂಬಿಸಿದ್ದೇನೆ. ಹಾರ್ನ್ ಮಾತ್ರ ಇಲ್ಲ, ಸಿನಿಮಾದವರು ತಮಟೆ ಬಡಿಸುತ್ತಿದ್ದರಂತೆ. ಇನ್ನು ನೀವು ಅದನ್ನು ಓಡಿಸುವುದು ಯಾವಾಗ ಎಂದು ಡಾಕ್ಟರು ಹೇಳಲಿ. ಅಲ್ಲಿಯವರೆಗೆ ಅದು ಹುಣಸೆಮರದ ಕೆಳಗೆ ನಿಂತಿರಲಿ, ನೀವು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮುನಿಸ್ವಾಮಪ್ಪನಿಗೆ ತಪ್ಪು ತೋರಿಸುತ್ತಿರಿ.

ನಿಮ್ಮ ಮಗ್ಗುಲ ಮಂಚದ ಮೇಷ್ಟರಿಗೂ, ನಿಮಗೆ ಗಂಜಿ ಕುಡಿಸಿದ ನರ್ಸಮ್ಮನಿಗೂ ನನ್ನ ನಮಸ್ಕಾರ ತಿಳಿಸಿ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ಇಂತಿ ನಿಮ್ಮ,
ವೆಂಕಟರತ್ನ

ಮತ್ತೆ: ಟಪಾಲಿನ ಗಾಡಿ ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಶುಕ್ರವಾರ ಬೆಳಿಗ್ಗೆ ಹೊರಡುತ್ತೇವೆ, ಕೋಲಾರ, ಶ್ರೀನಿವಾಸಪುರದ ಮೇಲೆ, ಮುನಿಸ್ವಾಮಪ್ಪ ಓಡಿಸುತ್ತಾರೆ. ಬೇಡವೆಂದು ನೀವು ಉತ್ತರ ಬರೆದರೆ ಅದು ಬೀಗ ಹಾಕಿದ ಮನೆಗೆ ಬರುತ್ತದೆ. ವಾಪಸು ಬರುವಾಗ ಅತ್ತೆ ಮುಂದೆ ಕೂರಲಿ, ನೀವೂ ನಾನೂ ಹಿಂದೆ ಎಂದು ನಾನು ಹೇಳಿದ್ದೆ. ಅವರು ಒಪ್ಪುತ್ತಿಲ್ಲ, ಪಕ್ಕದಲ್ಲೇ ನಿಂತು ಬರೆಸುತ್ತಿದ್ದಾರೆ: "ನನ್ ಮಗ ಜಯರಾಮನ ಪಕ್ಕದಾಗೆ ನಾನೇ ಕೂರೋದು. ಅವ್ನು ದೂರ ಕೂತ್ಕೊ ಅಂದ್ರೂ ಕೇಳಲ್ಲ ಅಂತ ಬರಿ."